ಸವೆದ ಡ

ಮಷೀನು ರೆಮಿಂಗ್ಟನ್, ಹುಬ್ಬಳ್ಳಿಯಿಂದ ತಂದದ್ದು.
ಎಲ್ಲಾ ಅಕ್ಷರ ನೆಟ್ಟಗಿದ್ದವು, ಡ ಒಂದು ಬಿಟ್ಟು.

ಯಾಕಂದ್ರ ನಮ್ಮ ಸಾಹೇಬರು,
ಮೇಲ್ಮನಿಗೆ ಐದು ಸಲ ಹೋದ ಗುರುಪಾದಪ್ಪ ಅನಗವಾಡಿಯವರು,
ಮೂವತ್ತು ವರ್ಷದಾಗ ನನ್ನ ಕಡೆಯಿಂದ ಬಡಿಸಿದ್ದು ಹೆಚ್ಚಾಗಿ
ಬೇಡ.
ಕೂಡದು.
ತಡೆಹಿಡಿಯತಕ್ಕದ್ದು.

ಹೆಣ್ಣುಮಕ್ಕಳಿಗೆ ಹೊಲದಾಗ ಪಾಲು: ಬೇಡ.
ರಾತ್ರಿ ಎರಡನೇ ಆಟದ ಸಿನೆಮಾ: ಕೂಡದು.
ಉಳುವವಗ ಭೂಮಿ ಅಂದಾಗಂತೂ
ಮೂರು ಹಾಳಿ, ನಡುವ ಎರಡು ಕಾರ್ಬನ್ನು,
ಡ ಎಲ್ಲಾ ತೂತು ಮಾಡಿ ರೂಳಿಗೇ ಹೋಗಿ ಬಡೀತು.
ಸಾರಾಯಿ ಅಂಗಡಿ ಲಿಲಾವನ್ನೂ ಬೇಡ ಅಂದ್ರು.
ಅವತ್ತು ನಮ್ಮವ್ವ ಪೇಪರಿನಾಗಿನ ಅವರ ಫೋಟೋಕ್ಕ ಕೈ ಮುಗದ್ಲು.
ಅದನ್ನೂ ಹೇಳಬೇಕಲ್ಲ.

ಪಕ್ಷ ಮೂರು ಬದಲಾದವು.
"ನಾ ಕುಂತಲ್ಲೇ ಕುಂತೀನಿ ಬಾಯಾರ,
ಅವ ನನ್ನ ಮುಂದಿನಿಂದ ಹಾದು ಹೋಗತಾವ" ಅಂತಿದ್ರು,
ಬಸ್ ಸ್ಟ್ಯಾಂಡಿನ ಕಟ್ಟಿ ಮ್ಯಾಲಿನ ಹಿರ್ಯಾನ ಗತೆ,
ಯಾವ ಬಸ್ಸಿಗೂ ಎದ್ದವರಲ್ಲ, ಯಾವುದೂ ತಪ್ಪಿಸಿಕೊಂಡವರಲ್ಲ.

ಬೀಳಗಿ ಹುಡಿಗ್ಯಾರ ಕಾಗದ ಬಂದಾಗ
ಎಂದಿನಂಗ ಒಂದ ಸಾಲು ಹೇಳಿದ್ರು.
ಕಾರಣ ಬರದ್ರ ವಾದಕ್ಕ ಕರದಂಗ, ಅನ್ನೂದು ಅವರ ಲೆಕ್ಕ.
"ಬೀಳಗಿಗೆ ಹೆಣ್ಣುಮಕ್ಕಳ ವಸತಿನಿಲಯ ಬೇಡ."

ಬೇ ಬಿತ್ತು. ಡ ಮೂಡಲಿಲ್ಲ.
ದಿನಾ ಆ ಜಾಗ ಪೆನ್ನಿಲೆ ತುಂಬತಿದ್ದೆ.
ಅವತ್ತು ಯಾಕೋ ವಿಜಾಪುರದ ಸೋದರತ್ತಿ ಅಟ್ಟ ನೆನಪಾತು.
ಟೈಪು ಕಲೀಲಿಕ್ಕೆ ಎಂಟು ತಿಂಗಳು ಮಲಗಿದ್ದೆ ಅಲ್ಲಿ.
ಜ್ವಾಳದ ಚೀಲ. ಇಲಿ.
ನಡುರಾತ್ರಿ ನಿಚ್ಚಣಿಕಿ ಬುಡಕ ಮಾವನ ಕೆಮ್ಮು.

ಬೇ ಆದ ಮ್ಯಾಲ ಕು ಹೊಡದೆ.

ಸಾಹೇಬರು ಓದಲಾರದ ರುಜು ಹಾಕೋರಲ್ಲ.
ಆದ್ರ ಅವತ್ತು ಸಂತಿ, ಬಾಗಲ ತನಕಾ ಮಂದಿ,
ಯಾರದೋ ಎಮ್ಮಿ ಜಗಳ. ರುಜು ಬಿತ್ತು.

ನಾಕ ತಿಂಗಳಿಗೆ ಅಡಿಗಲ್ಲಿನ ಕಾರ್ಡು,
ಅದರಾಗ ಅವರದ ಹೆಸರು.
ಮಂದಿ ಕೇಳಿದ್ರು: ಇದೇನ್ರಿ, ನೀವೂ ಹೂಂ ಅಂದ್ರಿ?
ನಕಲು ಪ್ರತಿ ತರಿಸಿದ್ರು. ಭೂತಗನ್ನಡಿ ಹಿಡದು ನೋಡಿದ್ರು.
ನನ್ನ ಕಡೆ ಕಣ್ಣೆತ್ತಲಿಲ್ಲ.
"ರುಜು ನಂದದ. ಹಾಕಿದ ರುಜು ಹಿಂದ ತಗೊಳ್ಳೂ ಚಾಲಿ
ನಮ್ಮ ಮನೆತನದಾಗಿಲ್ಲ."
ಹೋಗಿ ಕಲ್ಲು ಇಟ್ಟು ಬಂದ್ರು. ಭಾಷಣಾ ಮಾಡಲಿಲ್ಲ,
ಪೇಢೆ ಕೊಟ್ರ ಮುಟ್ಟಲಿಲ್ಲ.

ಮರುದಿನ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ದಸ್ತಗೀರ ಬಂದ.
ಹೊಸಾ ಡ ಕೂಡಿಸಿದ, ಎಣ್ಣಿ ಬಿಟ್ಟ.
"ಬಾಯಾರ, ಇನ್ನ ಪೆನ್ನಿನ ಕೆಲಸಿಲ್ಲ" ಅಂದ್ರು ಸಾಹೇಬರು,
ಮೂವರಿಗೂ ಚಾ ತರಿಸಿದ್ರು.

ಅದರಿಂದ ಬಂದ ಮೊದಲನೇ ಮಾತು
ಪಂಚಾಯ್ತ್ಯಾಗ ಹೆಣ್ಣಿಗೆ ಮೀಸಲು ಕುರ್ಚಿ ಬೇಡ.
ಎಷ್ಟು ಕರ್ರಗ ಬಿತ್ತು ಅಂತೀರಿ.

ಆಮ್ಯಾಲ ಘಟಪ್ರಭಾ ಹಿಂದಕ್ಕ ತಿರಿಗಿ
ಕಿಲ್ಲಾ ಓಣಿ ಮೆಟ್ಟಲಾ ಒಂದೊಂದ ಏರಲಿಕ್ಕೆ ಹತ್ತಿದಾಗ
ಜೋಳಿಗ್ಯಾಗ ಉತಾರ ಹಿಡಕೊಂಡು ಮಂದಿ ಬಂದ್ರು.
ಆರುನೂರು ಅರ್ಜಿ ಬರೆಸಿದ್ರು, ಒಬ್ಬರ ಪೈಸೆ ಮುಟ್ಟಲಿಲ್ಲ.
ರಾತ್ರಿ ಕಂದೀಲು ಇಟಗೊಂಡು ಬಡದೆ:
ಮುಳುಗಡೆ.
ಕೊಡಿ.
ಮುಳುಗಡೆ.
ಕೊಡಿ.
ಅದ ಡ.

ಅವರು ಹೋಗಿ ಹನ್ನೊಂದು ವರ್ಷಾತು.
ನವನಗರದಾಗ ನನ್ನ ಮಂಚದ ಬುಡಕ ಟ್ರಂಕು ತುಂಬ ನಕಲು.
ಉಳಿದ ಅಕ್ಷರ ಮಾಸ್ಯಾವ, ಅದೊಂದು ಇನ್ನೂ ಬೆರಳಿಗೆ ಹತ್ತತದ.
ಕತ್ತಲಾಗ ಹಾಳಿ ಸವರಿದ್ರ
ತಟ್ಟತದ.
ಬೇಡ ಅಂತದೋ, ಕೊಡಿ ಅಂತದೋ,
ದೀಪ ಹಚ್ಚಿ ನೋಡಬೇಕು.